‘ನಾಟ್’ ಪಕ್ಕ ಕಾಮಾ ಬೇಕಾ, ಬೇಡ್ವಾ?

ಹೋದ ಸಂಚಿಕೆಯಲ್ಲಿ ಇಂಗ್ಲಿಷಿನ ಕಾಮಾ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೆಚ್ಚಿನವರು ಕೇಳಿದ್ದು ಒಂದೇ ಜಾಗದ ಬಗ್ಗೆ. ‘ಇದು, ಅದಲ್ಲ’ ಅಂತ ಎರಡು ಸಂಗತಿಗಳನ್ನು ಎದುರುಬದುರು ನಿಲ್ಲಿಸುವಾಗ ಕಾಮಾ ಎಲ್ಲಿ ಹಾಕೋದು? ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಬಾಯಿಬಿಟ್ಟು ಓದಿಕೊಳ್ಳಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಪ್ರಶ್ನೆ: ಸರ್, ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಾ ಇದ್ದೇನೆ. ಅರ್ಜಿಯಲ್ಲಿ ‘ಐ ವಾಂಟ್ ಟು ವರ್ಕ್ ಇನ್ ಸೇಲ್ಸ್ ನಾಟ್ ಅಕೌಂಟ್ಸ್’ ಅಂತ ಬರೆದೆ. ‘ನಾಟ್’ಗೆ ಮುಂಚೆ ಕಾಮಾ ಬೇಕು ಅಂತ ಗೆಳತಿ ಹೇಳುತ್ತಾಳೆ. ಉಸಿರು ತೆಗೆದುಕೊಳ್ಳುವ ಕಡೆ ಕಾಮಾ ಹಾಕಿ ಅಂತ ಹೈಸ್ಕೂಲಲ್ಲಿ ಹೇಳಿಕೊಟ್ಟಿದ್ದರು. ಇಷ್ಟು ಚಿಕ್ಕ ವಾಕ್ಯದಲ್ಲಿ ಉಸಿರು ಕಟ್ಟುವಂಥದ್ದು ಏನಿದೆ?
— ಪದವೀಧರೆ, ಹಾಸನ

ಉತ್ತರ: ಗೆಳತಿ ಹೇಳಿದ್ದೇ ಸರಿ. ‘ಐ ವಾಂಟ್ ಟು ವರ್ಕ್ ಇನ್ ಸೇಲ್ಸ್, ನಾಟ್ ಅಕೌಂಟ್ಸ್.’

ಹೈಸ್ಕೂಲಿನವರು ಹೇಳಿದ ಉಸಿರಿನ ಲೆಕ್ಕವೂ ಸುಮ್ನೆ ಹುಟ್ಟಿದ್ದಲ್ಲ ಬಿಡಿ. ಎರಡು ಸಾವಿರ ವರ್ಷಕ್ಕೂ ಹಿಂದೆ ಅಲೆಕ್ಸಾಂಡ್ರಿಯಾದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಅರಿಸ್ಟೋಫೇನಿಸ್ ಎಂಬ ಪಂಡಿತ, ಗಟ್ಟಿಯಾಗಿ ಓದುವವರು ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅಂತ ತೋರಿಸೋಕೆ ಅಕ್ಷರಗಳ ಪಕ್ಕ ಚುಕ್ಕೆ ಇಡುವ ಪದ್ಧತಿ ತಂದ. (ಅದೇ ಹೆಸರಿನ ನಾಟಕಕಾರ ಬೇರೆ, ಇವನು ಬೈಜಾಂಟಿಯಂನವನು.) ಕೊಮ್ಮಾ ಅಂದರೆ ಗ್ರೀಕಿನಲ್ಲಿ ಕತ್ತರಿಸಿದ ತುಂಡು. ಈಗ ನಾವು ಹಾಕುವ ಬಾಲದ ಚುಕ್ಕೆ ಬಂದದ್ದು 15ನೇ ಶತಮಾನದ ಕೊನೆಯಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಷಿಯಸ್‌ನ ಅಚ್ಚುಕೂಟದಿಂದ. ಅಂದಿನಿಂದ ಇಂದಿಗೆ ಜನ ಮನಸ್ಸಿನಲ್ಲೇ ಓದೋದು ರೂಢಿಯಾಗಿ, ಕಾಮಾ ಉಸಿರನ್ನು ಬಿಟ್ಟು ವಾಕ್ಯದ ಕಟ್ಟಡಕ್ಕೆ ಅಂಟಿಕೊಂಡಿದೆ. ಹಾಗಾಗಿ ಉಸಿರು ನಂಬಿದರೆ ಕೆಲವು ಸಲ ಗೆಲ್ಲುತ್ತೀರಿ, ಕೆಲವು ಸಲ ಸೋಲುತ್ತೀರಿ. ಆಸ್ತಮಾ ಇರುವವರು ಮತ್ತು ಇಲ್ಲದವರು ಒಂದೇ ವಾಕ್ಯಕ್ಕೆ ಬೇರೆ ಬೇರೆ ಕಾಮಾ ಹಾಕೋಕಾಗಲ್ಲ ಅಲ್ವಾ?

ನಾನು ಪಾಠ ಮಾಡುವಾಗ ಹೇಳುತ್ತಿದ್ದದ್ದು ಇಷ್ಟು. ‘ನಾಟ್’ ಇರುವ ತುಂಡನ್ನು ಬೆರಳಲ್ಲಿ ಮುಚ್ಚಿ. ಉಳಿದದ್ದು ತಾನಾಗಿ ನಿಲ್ಲುತ್ತದಾ ನೋಡಿ. ‘ಧಾರವಾಡ, ನಾಟ್ ಹುಬ್ಬಳ್ಳಿ, ಈಸ್ ಫೇಮಸ್ ಫಾರ್ ಪೇಡಾ.’ ‘ನಾಟ್ ಹುಬ್ಬಳ್ಳಿ’ಯನ್ನು ಮುಚ್ಚಿದರೆ ‘ಧಾರವಾಡ ಈಸ್ ಫೇಮಸ್ ಫಾರ್ ಪೇಡಾ’ ಉಳಿಯುತ್ತದೆ. ಆರಾಮಾಗಿ ನಿಂತಿದೆ. ಅಂದರೆ ಆ ತುಂಡು ನಡುವೆ ತೂರಿಸಿದ್ದು, ಅದಕ್ಕೆ ಎರಡೂ ಕಡೆ ಕಾಮಾ ಬೇಕು. ವಾಕ್ಯದ ಕೊನೆಯಲ್ಲಿ ಬಂದರೆ ಮುಂಚೆ ಒಂದು ಕಾಮಾ, ಆಚೆ ಪೂರ್ಣವಿರಾಮ ಇದ್ದೇ ಇದೆ. ‘ಐ ಯಾಮ್ ನಾಟ್ ಎ ಡಾಕ್ಟರ್’ನಲ್ಲಿ ಅದೇ ರೀತಿ ಮುಚ್ಚಿ ನೋಡಿ. ‘ಐ ಯಾಮ್’ ಅಂತ ಬಾಯಿ ತೆರೆದುಕೊಂಡು ಉಳಿಯುತ್ತದೆ. ಅಲ್ಲಿ ಕಾಮಾಕ್ಕೆ ಜಾಗವೇ ಇಲ್ಲ.

ಎರಡೂ ಕಡೆ ಅಂದೆನಲ್ಲ, ಜನ ಎಡವೋದು ಅಲ್ಲೇ. ಮೊದಲನೇ ಕಾಮಾ ಹುರುಪಿನಿಂದ ಹಾಕುತ್ತಾರೆ, ಎರಡನೆಯದು ಮರೆತೇಹೋಗುತ್ತದೆ. ‘ಧಾರವಾಡ, ನಾಟ್ ಹುಬ್ಬಳ್ಳಿ ಈಸ್ ಫೇಮಸ್’ ಅಂತ ಬರೆದರೆ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಸಂತೆಗೆ ಹೋದ ಹಾಗೆ. ಓದುವವರ ಕಣ್ಣು ‘ಹುಬ್ಬಳ್ಳಿ ಈಸ್ ಫೇಮಸ್’ ಅಂತ ಸೇರಿಸಿಕೊಂಡುಬಿಡುತ್ತದೆ. ಹುಬ್ಬಳ್ಳಿಯವರಿಗೆ ಖುಷಿಯಾಗಬಹುದು, ನಿಮ್ಮ ಅರ್ಥ ಮಾತ್ರ ಹೋಯಿತು.

ಇದೇ ಬೆರಳು ಇನ್ನೊಂದು ಕೆಲಸಕ್ಕೂ ಬರುತ್ತದೆ. ‘ದ ಮ್ಯಾನೇಜರ್, ನಾಟ್ ದ ಕ್ಲರ್ಕ್ಸ್,’ ಆದಮೇಲೆ ‘ಈಸ್’ ಬರೆಯೋದೋ ‘ಆರ್’ ಬರೆಯೋದೋ ಅಂತ ತಡವರಿಸುವವರು ಜಾಸ್ತಿ. ಮುಚ್ಚಿ ನೋಡಿ. ಉಳಿದದ್ದು ಮ್ಯಾನೇಜರ್ ಒಬ್ಬರೇ. ‘ಈಸ್’ ಬರೆಯಿರಿ.

ಈಗ ಇದರ ಅಣ್ಣನೋ ತಮ್ಮನೋ ಒಬ್ಬ ಇದ್ದಾನೆ, ಅವನನ್ನು ನೋಡಿ ಮೋಸಹೋಗಬೇಡಿ. ಉತ್ತರ ಕನ್ನಡದ ಜಿಲ್ಲಾ ಕೇಂದ್ರ ಶಿರಸಿ ಅಂದುಕೊಂಡವರಿಗೆ ನಾವು ಎರಡು ರೀತಿ ಹೇಳಬಹುದು. ‘ದ ಹೆಡ್‌ಕ್ವಾರ್ಟರ್ಸ್ ಈಸ್ ಕಾರವಾರ, ನಾಟ್ ಶಿರಸಿ.’ ಕಾಮಾ ಬೇಕು. ‘ದ ಹೆಡ್‌ಕ್ವಾರ್ಟರ್ಸ್ ಈಸ್ ನಾಟ್ ಶಿರಸಿ ಬಟ್ ಕಾರವಾರ.’ ಕಾಮಾ ಬೇಡ. ಸಂಗತಿ ಒಂದೇ, ಕಟ್ಟಿದ ರೀತಿ ಬೇರೆ. ಮೊದಲನೆಯದರಲ್ಲಿ ಕಾರವಾರ ಅಂದಾಗಲೇ ಮಾತು ಮುಗಿಯಿತು, ‘ನಾಟ್ ಶಿರಸಿ’ ಬಾಗಿಲು ಹಾಕುವಾಗ ಹೇಳಿದ ಮಾತು. ಎರಡನೆಯದರಲ್ಲಿ ‘ನಾಟ್ ಶಿರಸಿ’ ಅಂದಕೂಡಲೇ ಕೇಳುವವರು ‘ಮತ್ತೆ ಯಾವುದು?’ ಅಂತ ಕಾಯುತ್ತಾರೆ. ‘ನಾಟ್’ ಮತ್ತು ‘ಬಟ್’ ಕೈ ಹಿಡಿದುಕೊಂಡಿವೆ, ನಡುವೆ ಕಾಮಾ ಹಾಕಿ ಬಿಡಿಸೋದು ಯಾಕೆ? ‘ಶಿ ಸ್ಪೀಕ್ಸ್ ನಾಟ್ ಓನ್ಲಿ ಕನ್ನಡ ಬಟ್ ಆಲ್ಸೋ ತುಳು’ ಕೂಡ ಅದೇ ಜಾತಿ.

ಅಂದಹಾಗೆ, ಕೆಲಸದ ಅರ್ಜಿಯಲ್ಲಿ ಏನು ಬೇಡ ಅನ್ನೋದನ್ನು ಹೇಳಲೇಬೇಕಾ? ಸೇಲ್ಸ್ ಬೇಕು ಅಂದರೆ ಸಾಕಾಗಿತ್ತು. ಇದು ವ್ಯಾಕರಣ ಅಲ್ಲ, ನನ್ನ ವಯಸ್ಸಿನ ಸಲಹೆ.

ಪ್ರಶ್ನೆ: ನಾನು ಇಂಗ್ಲಿಷ್ ಶಿಕ್ಷಕಿ. ಮಕ್ಕಳು ‘ಆಲ್ದೋ’ ಅಂತ ಶುರುಮಾಡಿ ನಡುವೆ ‘ಬಟ್’ ಸೇರಿಸುತ್ತಾರೆ. ‘ಬಟ್’ ಆದಮೇಲೆ ಒಂದು ಕಾಮಾ ಬೇರೆ. ತಿದ್ದಿ ತಿದ್ದಿ ಕೆಂಪು ಪೆನ್ನು ಖಾಲಿಯಾಯಿತು.
— ಚಿತ್ರದುರ್ಗ

ಉತ್ತರ: ಮೇಡಂ, ಮಕ್ಕಳನ್ನು ಬೈಯಬೇಡಿ. ಅವರ ಕಿವಿಯಲ್ಲಿ ಕನ್ನಡ ಚೆನ್ನಾಗಿದೆ, ಅದರದ್ದೇ ಈ ಕೆಲಸ.

‘ಮಳೆ ಬಂದರೂ ಜಾತ್ರೆ ನಡೆಯಿತು.’ ಇಲ್ಲಿ ವಿರೋಧ ಹೇಳುವ ಅಕ್ಷರ ಯಾವುದು? ‘ಬಂದರೂ’ದಲ್ಲಿರುವ ‘ಊ’. ಅದು ಎಲ್ಲಿ ಕೂತಿದೆ? ಸರಿಯಾಗಿ ವಾಕ್ಯದ ಕೀಲಿನಲ್ಲಿ, ಎರಡು ಭಾಗ ಕೂಡುವ ಕಡೆ. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಾಗ ‘ಆಲ್ದೋ ಇಟ್ ರೇಯ್ನ್ಡ್, ದ ಫೇರ್ ವೆಂಟ್ ಆನ್’ ಅಂತ ಆಗುತ್ತದೆ. ವಿರೋಧದ ಪದ ಹೋಗಿ ತಲೆಬಾಗಿಲಲ್ಲಿ ಕೂತಿತು, ಕೀಲು ಬರಿದಾಯಿತು. ಕನ್ನಡದ ಮಗು ಆ ಕೀಲಿಗೆ ಬಂದು ನಿಂತು, ಇಲ್ಲೇನೋ ಇರಬೇಕಿತ್ತಲ್ಲ ಅಂತ ತಡಕಾಡಿ ಕೈಗೆ ಸಿಕ್ಕಿದ ‘ಬಟ್’ ಸೇರಿಸುತ್ತದೆ. ಹಾಗಾಗಿ ಮಕ್ಕಳಿಗೆ ‘ಬಟ್ ತಪ್ಪು’ ಅಂತಷ್ಟೇ ಹೇಳಿದರೆ ಸಾಲದು. ನಮ್ಮ ‘ಊ’ ಇರುತ್ತಿದ್ದ ಜಾಗದಲ್ಲಿ ಇಂಗ್ಲಿಷಿನವರು ಕಾಮಾ ಇಡುತ್ತಾರೆ ಅಂತ ಹೇಳಿ ನೋಡಿ. ಕರಿಹಲಗೆ ಮೇಲೆ ಎರಡೂ ವಾಕ್ಯ ಒಂದರ ಕೆಳಗೊಂದು ಬರೆದು ‘ಊ’ದಿಂದ ಕಾಮಾಕ್ಕೆ ಗೆರೆ ಎಳೆದರೆ ಇನ್ನೂ ಒಳ್ಳೆಯದು.

‘ಆಲ್ದೋ’ ನಡುವೆ ಬಂದಾಗ, ಅಂದರೆ ‘ದ ಫೇರ್ ವೆಂಟ್ ಆನ್, ಆಲ್ದೋ ಇಟ್ ರೇಯ್ನ್ಡ್’ ಅಂದಾಗ, ಕಾಮಾ ಹಾಕುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ನಾನು ಹಾಕುತ್ತೇನೆ. ಬಿಟ್ಟವರ ಅಂಕ ಕಳೆಯಲ್ಲ.

ಇನ್ನು ‘ಬಟ್’ ಆದಮೇಲಿನ ಕಾಮಾ. ಅದು ಬಂದಿರೋದು ನಮ್ಮ ‘ಆದರೆ’ಯಿಂದ. ‘ಆದರೆ, ಅವನು ಬರಲಿಲ್ಲ’ ಅಂತ ಕನ್ನಡದಲ್ಲಿ ಎಷ್ಟೋ ಜನ ಬರೆಯುತ್ತಾರೆ, ನಾನೂ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಕಾಮಾ ‘ಬಟ್’ಗೆ ಮುಂಚೆ, ಆದಮೇಲೆ ಅಲ್ಲ. ‘ಐ ವೇಯ್ಟೆಡ್ ಫಾರ್ ಆನ್ ಅವರ್, ಬಟ್ ದ ಬಸ್ ಡಿಡ್ ನಾಟ್ ಕಮ್.’ ಎರಡೂ ಕಡೆ ಪೂರ್ತಿ ವಾಕ್ಯ ಇದೆ, ಕಾದದ್ದು ನಾನು, ಬರದಿದ್ದದ್ದು ಬಸ್ಸು. ಆಗ ಕಾಮಾ. ‘ದ ಹೋಟೆಲ್ ಈಸ್ ಸ್ಮಾಲ್ ಬಟ್ ಕ್ಲೀನ್’ ಅನ್ನುವಾಗ ಎರಡು ಪದ ಮಾತ್ರ ಎದುರಾಗಿವೆ, ಕಾಮಾ ಬೇಡ. ಒತ್ತಿ ಹೇಳಬೇಕು ಅನಿಸಿದರೆ ‘ಸ್ಮಾಲ್, ಬಟ್ ಕ್ಲೀನ್’ ಅಂತ ಹಾಕಿದರೂ ತಪ್ಪಲ್ಲ. ಅಡುಗೆಗೆ ಇಂಗು ಹಾಕಿದ ಹಾಗೆ, ಚಿಟಿಕೆ ಸಾಕು.

ಪ್ರಶ್ನೆ: ಆಫೀಸಿನಲ್ಲಿ ‘ದ ಟೆಸ್ಟ್ ಫೇಲ್ಡ್, ಹೌಎವರ್, ದ ಡೆಮೊ ವೆಂಟ್ ವೆಲ್’ ಅಂತ ಮೇಲ್ ಹಾಕಿದೆ. ನಮ್ಮ ಲೀಡ್ ತಪ್ಪು ಅಂದರು. ‘ಹೌಎವರ್’ ಎರಡೂ ಕಡೆ ಕಾಮಾ ಹಾಕಿದ್ದೀನಲ್ಲ!
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಬೆರಳು ತನ್ನಿ. ‘ಹೌಎವರ್’ ಮುಚ್ಚಿ. ‘ದ ಟೆಸ್ಟ್ ಫೇಲ್ಡ್ ದ ಡೆಮೊ ವೆಂಟ್ ವೆಲ್.’ ಎರಡು ವಾಕ್ಯ ಒಂದಕ್ಕೊಂದು ಡಿಕ್ಕಿ ಹೊಡೆದವು ನೋಡಿ. ‘ಬಟ್’ಗೆ ಎರಡು ವಾಕ್ಯ ಜೋಡಿಸುವ ಶಕ್ತಿ ಇದೆ, ‘ಹೌಎವರ್’ಗೆ ಇಲ್ಲ. ‘ಫೇಲ್ಡ್’ ಆದಮೇಲೆ ಪೂರ್ಣವಿರಾಮ ಅಥವಾ ಅರ್ಧವಿರಾಮ ಹಾಕಿ, ಆಮೇಲೆ ‘ಹೌಎವರ್’ ಮತ್ತು ಕಾಮಾ. ಇಲ್ಲದಿದ್ದರೆ ‘ದ ಟೆಸ್ಟ್ ಫೇಲ್ಡ್. ದ ಡೆಮೊ, ಹೌಎವರ್, ವೆಂಟ್ ವೆಲ್.’ ಈ ಎರಡನೆಯದು ನನಗೆ ಇಷ್ಟ. ‘ಡೆಮೊ ಮಾತ್ರ ಚೆನ್ನಾಗಾಯಿತು’ ಅನ್ನುವಾಗಿನ ನಮ್ಮ ‘ಮಾತ್ರ’ದ ಹದ ಅದರಲ್ಲಿದೆ. ಇಷ್ಟೆಲ್ಲ ಯಾಕೆ ಅನಿಸಿದರೆ ‘ಬಟ್’ ಬರೆದು ಮನೆಗೆ ಹೋಗಿ.

ಪ್ರಶ್ನೆ: ಗೆಳೆಯನಿಗೆ ವಾಟ್ಸಾಪ್‌ನಲ್ಲಿ ‘ಐ ಡಿಡ್ ನಾಟ್ ರಿಸೈನ್ ಬಿಕಾಸ್ ಆಫ್ ಮೈ ಮ್ಯಾನೇಜರ್’ ಅಂತ ಬರೆದೆ. ‘ಓ, ಇನ್ನೂ ಅಲ್ಲೇ ಇದ್ದೀಯಾ?’ ಅಂತ ಕೇಳಿದ. ನಾನು ಕೆಲಸ ಬಿಟ್ಟು ಮೂರು ತಿಂಗಳಾಯಿತು ಸರ್! ಕಾಮಾ ಹಾಕಿದ್ದರೆ ಸರಿಹೋಗುತ್ತಿತ್ತಾ?
— ದುಬೈ ಕನ್ನಡಿಗ

ಉತ್ತರ: ಕಾಮಾ ಹಾಕಿದ್ದರೆ ಇನ್ನೂ ಕೆಡುತ್ತಿತ್ತು. ಈ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು, ಯಾಕೆಂದರೆ ಇಲ್ಲಿ ಕನ್ನಡದ ಹತ್ತಿರ ಇರುವ ಒಂದು ಸವಲತ್ತು ಇಂಗ್ಲಿಷಿಗಿಲ್ಲ.

ನಮಗೆ ‘ಅಲ್ಲ’ ಬೇರೆ, ‘ಇಲ್ಲ’ ಬೇರೆ. ಮನೆಯಲ್ಲಿ ಮೂರು ವರ್ಷದ ಮಗುವೂ ಇವನ್ನು ಅದಲುಬದಲು ಮಾಡಲ್ಲ. ‘ನಾನು ಕೆಲಸ ಬಿಟ್ಟಿದ್ದು ಮ್ಯಾನೇಜರ್ ಕಾರಣಕ್ಕಲ್ಲ’ ಅಂದರೆ ಬಿಟ್ಟಿದ್ದು ನಿಜ, ಕಾರಣ ಬೇರೆ. ‘ಮ್ಯಾನೇಜರ್ ಒಳ್ಳೆಯವರು ಅಂತ ನಾನು ಕೆಲಸ ಬಿಡಲಿಲ್ಲ’ ಅಂದರೆ ಬಿಟ್ಟೇ ಇಲ್ಲ, ಬಿಡದೇ ಇರೋಕೆ ಆ ಮನುಷ್ಯ ಕಾರಣ. ಒಂದು ಕಡೆ ‘ಅಲ್ಲ’, ಇನ್ನೊಂದು ಕಡೆ ‘ಇಲ್ಲ’. ಗೊಂದಲವೇ ಹುಟ್ಟಲ್ಲ. ಇಂಗ್ಲಿಷಿನವರ ಹತ್ತಿರ ಎರಡಕ್ಕೂ ಒಂದೇ ‘ನಾಟ್’. ಅದು ‘ರಿಸೈನ್’ಗೆ ಅಂಟಿತೋ ‘ಬಿಕಾಸ್’ಗೆ ಅಂಟಿತೋ ಹೇಗೆ ಗೊತ್ತಾಗಬೇಕು? ಅಲ್ಲಿ ಕಾಮಾ ಬಂದು ಕೂರುತ್ತದೆ. ‘ಐ ಡಿಡ್ ನಾಟ್ ರಿಸೈನ್, ಬಿಕಾಸ್ ಆಫ್ ಮೈ ಮ್ಯಾನೇಜರ್’ ಅಂದರೆ ನಮ್ಮ ‘ಇಲ್ಲ’. ರಿಸೈನ್ ಆದಮೇಲೆ ಬಾಗಿಲು ಮುಚ್ಚಿತು, ನಾಟ್ ಒಳಗೇ ಉಳಿಯಿತು. ಕಾಮಾ ಇಲ್ಲದಿದ್ದರೆ ‘ಅಲ್ಲ’ ಆಗುವ ಸಾಧ್ಯತೆ ಜಾಸ್ತಿ, ಆದರೆ ಖಾತ್ರಿ ಏನೂ ಇಲ್ಲ. ನೀವು ನಿಯಮದ ಪ್ರಕಾರ ಸರಿಯಾಗೇ ಬರೆದಿದ್ದಿರಿ, ನಿಮ್ಮ ಗೆಳೆಯ ಎರಡನೇ ಅರ್ಥ ತೆಗೆದುಕೊಂಡ, ಅವನದೂ ತಪ್ಪಿಲ್ಲ.

ಇಂಥ ಕಡೆ ಕಾಮಾದ ಮೇಲೆ ಭಾರ ಹಾಕಬೇಡಿ. ವಾಕ್ಯವನ್ನೇ ತಿರುಗಿಸಿ. ‘ಐ ರಿಸೈನ್ಡ್, ಬಟ್ ನಾಟ್ ಬಿಕಾಸ್ ಆಫ್ ಮೈ ಮ್ಯಾನೇಜರ್.’ ಬಿಟ್ಟಿದ್ದು ಮೊದಲು ಹೇಳಿದಿರಿ, ‘ಅಲ್ಲ’ ಕಾಮಾ ದಾಟಿ ತನ್ನ ಜಾಗದಲ್ಲಿ ಕೂತಿತು.

‘ನಾಟ್’ ಜೊತೆ ‘ಲೈಕ್’ ಬಂದಾಗಲೂ ಇದೇ ಆಟ. ನದಿಗಳನ್ನೇ ತಗೊಳ್ಳಿ. ಕಾವೇರಿ ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಶರಾವತಿ, ನೇತ್ರಾವತಿ ಎರಡೂ ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುತ್ತವೆ, ಒಂದು ಹೊನ್ನಾವರದ ಹತ್ತಿರ, ಇನ್ನೊಂದು ಮಂಗಳೂರಿನ ಹತ್ತಿರ. ‘ದ ನೇತ್ರಾವತಿ ಡಸ್ ನಾಟ್ ಫ್ಲೋ ಈಸ್ಟ್ ಲೈಕ್ ದ ಕಾವೇರಿ.’ ಕಾಮಾ ಇಲ್ಲ, ಸರಿಯಾಗಿದೆ. ಕಾವೇರಿ ಪೂರ್ವಕ್ಕೆ ಹೋಗುತ್ತದೆ, ಇದು ಹಾಗಲ್ಲ. ‘ದ ನೇತ್ರಾವತಿ ಡಸ್ ನಾಟ್ ಫ್ಲೋ ಈಸ್ಟ್, ಲೈಕ್ ದ ಶರಾವತಿ.’ ಕಾಮಾ ಇದೆ, ಇದೂ ಸರಿ. ಶರಾವತಿಯೂ ಪೂರ್ವಕ್ಕೆ ಹೋಗಲ್ಲ, ಇದೂ ಹೋಗಲ್ಲ. ಈಗ ಎರಡರ ಕಾಮಾ ಅದಲುಬದಲು ಮಾಡಿ ನೋಡಿ. ಕಾವೇರಿ ಪಶ್ಚಿಮಕ್ಕೆ ತಿರುಗಿತು, ಶರಾವತಿ ಜೋಗ ಬಿಟ್ಟು ತಮಿಳುನಾಡಿನ ಕಡೆ ಹೊರಟಿತು. ತಮಾಷೆ ಅಂದರೆ ಇಲ್ಲಿ ಕನ್ನಡಕ್ಕೂ ಸವಲತ್ತಿಲ್ಲ. ‘ಕಾವೇರಿ ಹಾಗೆ ನೇತ್ರಾವತಿ ಪೂರ್ವಕ್ಕೆ ಹರಿಯಲ್ಲ’ ಅಂದರೆ ನಮಗೂ ಎರಡರ್ಥ.

‘ಅನ್‌ಲೈಕ್’ ಇದ್ದರೆ ತಲೆನೋವಿಲ್ಲ. ಮೊದಲು ಬರಲಿ, ಕೊನೆಗೆ ಬರಲಿ, ಕಾಮಾ ಹಾಕಿಬಿಡಿ. ಹೋಲಿಸುವಾಗ ಮಾತ್ರ ಹುಷಾರು. ‘ಅನ್‌ಲೈಕ್ ದ ಕಾವೇರಿ, ದ ಶರಾವತೀಸ್ ವಾಟರ್’ ಅಂತ ಶುರುಮಾಡಿದರೆ ನದಿಯನ್ನು ನೀರಿಗೆ ಹೋಲಿಸಿದ ಹಾಗಾಯಿತು. ನದಿಗೆ ನದಿಯನ್ನೇ ಎದುರು ಕೂರಿಸಿ.

ಪ್ರಶ್ನೆ: ಎಂಟನೇ ಕ್ಲಾಸಿನ ಮಗ ‘ಮೈ ಫಾದರ್ ಈಸ್ ಟಾಲ್ ವೈಲ್ ಮೈ ಮದರ್ ಈಸ್ ಶಾರ್ಟ್’ ಅಂತ ಬರೆದ. ಒಂದು ಕಾಮಾಕ್ಕೆ ಅರ್ಧ ಅಂಕ ಹೋಯಿತು. ಇದು ಅತಿಯಾಯಿತಲ್ವಾ?
— ಗಿಡ್ಡ ಅಮ್ಮ, ತುಮಕೂರು

ಉತ್ತರ: ಅರ್ಧ ಅಂಕ ಅತಿಯೇ. ಕಾಮಾ ಬೇಕಿತ್ತು ಅನ್ನೋದು ಮಾತ್ರ ಹೌದು. ‘ವೈಲ್’ಗೆ ಎರಡು ಮುಖ. ‘ಅಮ್ಮ ಅಡುಗೆ ಮಾಡುವಾಗ ನಾನು ಓದುತ್ತಿದ್ದೆ’ ಅನ್ನುವ ‘-ವಾಗ’ ಒಂದು, ಅಲ್ಲಿ ‘ವೈಲ್’ಗೆ ಮುಂಚೆ ಕಾಮಾ ಬೇಡ. ‘ಅಪ್ಪ ಎತ್ತರ, ಅಮ್ಮನೋ ಗಿಡ್ಡ’ ಅನ್ನುವ ‘ಓ’ ಇನ್ನೊಂದು, ಅಲ್ಲಿ ಕಾಮಾ ಬೇಕು. ಕಾಮಾ ಇಲ್ಲದೆ ಓದಿದರೆ ನೀವು ಗಿಡ್ಡವಾಗಿರುವಷ್ಟು ಹೊತ್ತು ಮಾತ್ರ ನಿಮ್ಮ ಯಜಮಾನರು ಎತ್ತರ ಅಂತ ಆಗುತ್ತದೆ. ‘ವೇರ್‌ಆ್ಯಸ್’ಗೆ ಒಂದೇ ಮುಖ, ಯಾವಾಗಲೂ ವಿರೋಧವೇ. ಅದು ನಡುವೆ ಬಂದರೆ ಕಣ್ಣುಮುಚ್ಚಿ ಕಾಮಾ ಹಾಕು ಅಂತ ಮಗನಿಗೆ ಹೇಳಿ.

ಪ್ರಶ್ನೆ: ಕನ್ನಡ ಬರೆಯುವಾಗಲೂ ಇವೇ ನಿಯಮಗಳಾ? ನಮ್ಮ ಹಳೆಯ ತಾಳೆಗರಿಗಳಲ್ಲಿ ಕಾಮಾ ಇತ್ತಾ?
— ನಿವೃತ್ತ ಪೋಸ್ಟ್‌ಮಾಸ್ಟರ್, ಉಡುಪಿ

ಉತ್ತರ: ತಾಳೆಗರಿಯಲ್ಲಿ ಕಾಮಾ ಇರಲಿಲ್ಲ, ನಿಲ್ಲಿಸೋಕೆ ದಂಡ ಅನ್ನುವ ನೆಟ್ಟಗಿನ ಗೆರೆ ಇತ್ತು. ಕಾಮಾ ಅಚ್ಚಿನ ಜೊತೆ ಬಂದ ನೆಂಟ. ನಿಮ್ಮ ಪಕ್ಕದ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1841ರಲ್ಲಿ ಅಚ್ಚುಕೂಟ ಹಾಕಿದರು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂತು. ಹೊರಗಿನಿಂದ ಬಂದ ನೆಂಟನಿಗೆ ನಾವು ಅಲ್ಪವಿರಾಮ ಅಂತ ಹೆಸರಿಟ್ಟು ಮನೆಯವನನ್ನಾಗಿ ಮಾಡಿಕೊಂಡೆವು. ಆದರೆ ಇಂಗ್ಲಿಷಿನ ನಿಯಮವನ್ನು ಹಾಗೇ ತಂದು ಕೂರಿಸೋದು ಬೇಡ. ‘ಊ’, ‘ಓ’, ‘ಏ’, ‘ಅಂತೂ’ ಇವೇ ನಮ್ಮಲ್ಲಿ ಅರ್ಧ ಕೆಲಸ ಮಾಡುತ್ತವೆ. ‘ಅವನಂತೂ ಬರಲ್ಲ’ ಅಂದಮೇಲೆ ಕಾಮಾಕ್ಕೆ ಏನು ಉಳಿಯಿತು?

ಪ್ರಶ್ನೆ: ‘ಇಟ್ಸ್ ಹಾಟ್ ಇಸಂಟ್ ಇಟ್’ — ಕಾಮಾ?
— ಕಲಬುರಗಿ

ಉತ್ತರ: ಬೇಕು, ‘ಹಾಟ್’ ಆದಮೇಲೆ. ‘ಬಿಸಿಲು ಜಾಸ್ತಿ, ಅಲ್ವಾ?’ ಅನ್ನೋ ಹಾಗೆ. ಕಲಬುರಗಿಯಿಂದ ಇದನ್ನು ಪ್ರಶ್ನೆಯಾಗಿ ಕೇಳಿದ್ದೇ ಆಶ್ಚರ್ಯ.

ಪ್ರಶ್ನೆ: ಒಂದು ಕಾಮಾ ಹೆಚ್ಚು, ಒಂದು ಕಡಿಮೆ. ಯಾರಿಗೆ ಏನು ನಷ್ಟ ಸ್ವಾಮಿ?
— ಸಿಟ್ಟಾದ ಓದುಗ, ದಾವಣಗೆರೆ

ಉತ್ತರ: ಕೆನಡಾದಲ್ಲಿ ರೋಜರ್ಸ್ ಅಂತ ಒಂದು ಕೇಬಲ್ ಕಂಪನಿ, ಅಲಿಯಂಟ್ ಅಂತ ಒಂದು ಟೆಲಿಫೋನ್ ಕಂಪನಿ. ಕಂಬಗಳ ಮೇಲೆ ಕೇಬಲ್ ಎಳೆಯುವ ಬಗ್ಗೆ 2002ರಲ್ಲಿ ಕರಾರು ಮಾಡಿಕೊಂಡರು. ಕರಾರಿನ ಒಂದು ವಾಕ್ಯ ಸುಮಾರಾಗಿ ಹೀಗಿತ್ತು: ಇದು ಐದು ವರ್ಷ ಜಾರಿಯಲ್ಲಿರುತ್ತದೆ, ಆಮೇಲೆ ಐದೈದು ವರ್ಷ ಮುಂದುವರಿಯುತ್ತದೆ, ಒಂದು ವರ್ಷ ಮುಂಚೆ ನೋಟಿಸ್ ಕೊಟ್ಟು ಮುಗಿಸದಿದ್ದರೆ. ಮೊದಲ ಐದು ವರ್ಷ ಯಾರೂ ಮುಟ್ಟುವಂತಿಲ್ಲ ಅಂತ ರೋಜರ್ಸ್‌ನವರು ನಂಬಿದ್ದರು. ಅಲಿಯಂಟ್‌ನವರು ನಡುವೆಯೇ ನೋಟಿಸ್ ಕೊಟ್ಟರು. ಜಗಳ ಅಲ್ಲಿನ ದೂರಸಂಪರ್ಕ ಆಯೋಗಕ್ಕೆ ಹೋಯಿತು. ಈಗ ನಮ್ಮ ಬೆರಳು ತನ್ನಿ. ‘ಆಮೇಲೆ ಐದೈದು ವರ್ಷ’ ಅನ್ನುವ ತುಂಡಿಗೆ ಮುಂಚೆ ಒಂದು ಕಾಮಾ, ಆದಮೇಲೆ ಒಂದು ಕಾಮಾ ಇತ್ತು. ಮುಚ್ಚಿ. ಉಳಿದದ್ದೇನು? ಐದು ವರ್ಷ ಜಾರಿಯಲ್ಲಿರುತ್ತದೆ, ನೋಟಿಸ್ ಕೊಟ್ಟು ಮುಗಿಸದಿದ್ದರೆ. ಅಂದರೆ ಮೊದಲ ಐದು ವರ್ಷದ ಒಳಗೂ ಮುಗಿಸಬಹುದು. 2006ರಲ್ಲಿ ಆಯೋಗ ಹಾಗೇ ತೀರ್ಪು ಕೊಟ್ಟಿತು. ಆ ಎರಡನೇ ಕಾಮಾ ಇರದಿದ್ದರೆ ರೋಜರ್ಸ್ ಗೆಲ್ಲುತ್ತಿತ್ತು.

ಮರುವರ್ಷ ತೀರ್ಪು ತಿರುಗಿತು. ಕಾಮಾ ಬಗ್ಗೆ ಮನಸ್ಸು ಬದಲಾಗಿ ಅಲ್ಲ. ಕೆನಡಾದಲ್ಲಿ ಇಂಗ್ಲಿಷ್ ಜೊತೆ ಫ್ರೆಂಚೂ ಅಧಿಕೃತ ಭಾಷೆ. ರೋಜರ್ಸ್‌ನವರು ಆ ಕರಾರಿಗೆ ಆಧಾರವಾಗಿದ್ದ ಮಾದರಿ ಕರಾರಿನ ಫ್ರೆಂಚ್ ಪ್ರತಿ ಹುಡುಕಿ ತಂದರು. ಅದರಲ್ಲಿ ಎರಡರ್ಥಕ್ಕೆ ಜಾಗ ಇರಲಿಲ್ಲ.